ಕಾದಂಬರಿಯನ್ನು ರಂಗಕ್ಕೆ ತರುವುದು ಹೇಗೆ: ಮೊದಲ ಸಲ ಕೈಹಾಕುವವರಿಗೆ

ಮೈಸೂರಿನಲ್ಲಿ ನಾಟಕ ಮುಗಿದು ಕಾಫಿಗೆ ನಿಂತಾಗ ಈ ಪ್ರಶ್ನೆ ಬರುತ್ತದೆ. ಮಂಡ್ಯದಲ್ಲಿ ಕಾಲೇಜು ಹುಡುಗರ ಶಿಬಿರ ಮುಗಿದಾಗಲೂ ಬರುತ್ತದೆ. "ಸಾರ್, ಈ ಕಾದಂಬರಿ ಅಂದ್ರೆ ನಮಗೆ ಪ್ರಾಣ. ಇದನ್ನ ನಾಟಕ ಮಾಡ್ಬೇಕು. ಎಲ್ಲಿಂದ ಶುರು ಮಾಡೋದು?" ಪ್ರತಿ ಸಲ ಅರ್ಧ ಉತ್ತರ ಕೊಟ್ಟು ಬಸ್ಸು ಹತ್ತಿದ್ದೇನೆ. ಉಳಿದ ಅರ್ಧವನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಕೇಳುವವರಿಗೆ ಈ ಆಸೆ ಎಲ್ಲಿಂದ ಹುಟ್ಟಿತು ಅಂತ ಗೊತ್ತು. 2010ರಲ್ಲಿ ಮೈಸೂರಿನ ರಂಗಾಯಣ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ರಾತ್ರಿಯಿಡೀ ಆಡಿತು. ರಂಗರೂಪ ಕೆ.ವೈ. ನಾರಾಯಣಸ್ವಾಮಿ ಅವರದು, ನಿರ್ದೇಶನ ಸಿ. ಬಸವಲಿಂಗಯ್ಯ ಅವರದು. 2021ರಲ್ಲಿ ಎಸ್.ಎಲ್. ಭೈರಪ್ಪನವರ 'ಪರ್ವ' ಬಂತು, ಪ್ರಕಾಶ್ ಬೆಳವಾಡಿ ನಿರ್ದೇಶನದಲ್ಲಿ. ಅದೂ ಸುಮಾರು ಎಂಟು ಗಂಟೆಯ ನಾಟಕ. ಇವನ್ನು ನೋಡಿ ಬಂದವರಿಗೆ ತಾವೂ ಮಾಡಬಹುದು ಅನ್ನಿಸುವುದು ಸಹಜ. ಮಾಡಬಹುದು ಕೂಡ. ಆದರೆ ರಂಗಾಯಣ ಸರ್ಕಾರದ ರೆಪರ್ಟರಿ. ಅಂದರೆ ನಾಟಕವನ್ನೇ ಕೆಲಸ ಮಾಡಿಕೊಂಡ, ಸಂಬಳದ ಕಲಾವಿದರ ತಂಡ. ನಿಮ್ಮದು ಸಂಜೆ ಆರಕ್ಕೆ ಆಫೀಸು ಮುಗಿಸಿ, ಟಿಫನ್ ಕ್ಯಾರಿಯರ್ ಹಿಡಿದುಕೊಂಡೇ ತಾಲೀಮಿಗೆ ಬರುವ ಹನ್ನೆರಡು ಜನ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಎರಡು ಗಂಟೆಯ ನಾಟಕದ ಲೆಕ್ಕಕ್ಕೆ.

ಶುರು ಮಾಡುವ ಮುಂಚೆ ಇಷ್ಟು ಇಟ್ಟುಕೊಳ್ಳಿ. ಕಾದಂಬರಿಯ ಎರಡು ಪ್ರತಿ, ಒಂದು ಗೀಚುವುದಕ್ಕೆ, ಇನ್ನೊಂದು ಗೀಚದೆ ಓದುವುದಕ್ಕೆ. ಒಂದು ಕಟ್ಟು ಖಾಲಿ ಕಾರ್ಡು. ಮೂರು ಬಣ್ಣದ ಪೆನ್ಸಿಲ್. ಜೋರಾಗಿ ಓದಿ ಹೇಳಬಲ್ಲ ನಾಲ್ಕೈದು ಜನ. ಆರರಿಂದ ಎಂಟು ತಿಂಗಳು. ಮೂರು ತಿಂಗಳಲ್ಲಿ ಮುಗಿಸುತ್ತೇವೆ ಅನ್ನುವವರಿಗೆ ನಾನು ಬೇಡ ಅನ್ನುವುದಿಲ್ಲ. ಆದರೆ ಅವರು ಕಾದಂಬರಿ ಬಿಟ್ಟು ಒಂದು ಸಣ್ಣಕಥೆ ಹಿಡಿಯುವುದು ವಾಸಿ.

1. ಕಾದಂಬರಿ ಯಾರದು ಅಂತ ಮೊದಲು ನೋಡಿ

ಬಹಳ ಜನ ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಸ್ಕ್ರಿಪ್ಟು ಮುಗಿದು, ಪೋಸ್ಟರ್ ಪ್ರಿಂಟಿಗೆ ಹೋದ ಮೇಲೆ "ಒಂದ್ ಪರ್ಮಿಶನ್ ಕೇಳ್ಬಿಡೋಣ" ಅನ್ನುತ್ತಾರೆ. ಅಷ್ಟು ಹೊತ್ತಿಗೆ ಲೇಖಕರ ಮನೆಯವರು ಬೇಡ ಅಂದರೆ ಎಂಟು ತಿಂಗಳು ನೀರಿನಲ್ಲಿ ಹೋಮ.

ಕಾನೂನು ಸರಳವಾಗಿದೆ. ನಮ್ಮ ದೇಶದಲ್ಲಿ ಕೃತಿಸ್ವಾಮ್ಯ, ಅಂದರೆ ಕೃತಿಯನ್ನು ಅಚ್ಚು ಹಾಕುವ, ಆಡುವ, ಬೇರೆ ರೂಪಕ್ಕೆ ತರುವ ಹಕ್ಕು, ಲೇಖಕರು ಬದುಕಿರುವಷ್ಟು ಕಾಲ ಮತ್ತು ಆಮೇಲೆ 60 ವರ್ಷ ಇರುತ್ತದೆ. ಆ 60 ವರ್ಷವನ್ನು ತೀರಿಕೊಂಡ ದಿನದಿಂದ ಎಣಿಸುವುದಿಲ್ಲ. ಮುಂದಿನ ಜನವರಿ 1ರಿಂದ ಎಣಿಸಬೇಕು. ಕುವೆಂಪು ತೀರಿಕೊಂಡಿದ್ದು 1994ರ ನವೆಂಬರಿನಲ್ಲಿ. ಅವರ ಕೃತಿಗಳ ಹಕ್ಕು 2054ರ ಡಿಸೆಂಬರ್ 31ರವರೆಗೆ. ಮಾಸ್ತಿಯವರು 1986, ಆದ್ದರಿಂದ 2046ರ ಕೊನೆಯವರೆಗೆ. ಭೈರಪ್ಪನವರು 2025ರ ಸೆಪ್ಟೆಂಬರಿನಲ್ಲಿ ಹೋದರು. ಅವರದು 2085ರ ಕೊನೆಯವರೆಗೆ.

ನಮ್ಮ ಕಡೆಯವರಿಗೆ ಇದರಲ್ಲಿ ಒಂದು ಒಳ್ಳೆಯ ಸುದ್ದಿ ಇದೆ. ಮಂಡ್ಯದಲ್ಲಿ ಹುಟ್ಟಿದ ತ್ರಿವೇಣಿ 1963ರ ಜುಲೈನಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳ ಹಕ್ಕು 2023ರ ಡಿಸೆಂಬರ್ 31ಕ್ಕೆ ಮುಗಿಯಿತು. ಈಗ ಅವು ಸಾರ್ವಜನಿಕ ಸ್ವತ್ತು, ಅಂದರೆ ಯಾರ ಅನುಮತಿಯೂ ಬೇಕಿಲ್ಲ. ಲೇಖಕರು ಹೋದ ಮೇಲೆ ಮೊದಲ ಸಲ ಪ್ರಕಟವಾದ ಕೃತಿಗೆ ಮಾತ್ರ ಲೆಕ್ಕ ಬೇರೆ: ಪ್ರಕಟವಾದ ವರ್ಷದಿಂದ 60 ಎಣಿಸಬೇಕು. ಆದ್ದರಿಂದ ನೀವು ಆರಿಸಿದ ಪುಸ್ತಕದ ಮೊದಲ ಮುದ್ರಣ ಯಾವ ವರ್ಷದ್ದು ಅಂತ ಒಳಪುಟದಲ್ಲಿ ನೋಡಿಕೊಳ್ಳಿ.

ಇಲ್ಲೇ ಒಂದು ಗುಂಡಿ ಇದೆ, ಬೀಳಬೇಡಿ. ತ್ರಿವೇಣಿಯವರ 'ಬೆಳ್ಳಿಮೋಡ' 1967ರಲ್ಲಿ, 'ಶರಪಂಜರ' 1971ರಲ್ಲಿ ಸಿನಿಮಾ ಆದವು, ಎರಡೂ ಪುಟ್ಟಣ್ಣ ಕಣಗಾಲ್ ಅವರವು. ಸಿನಿಮಾದ ಹಕ್ಕೇ ಬೇರೆ. ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. ಅಂದರೆ 'ಬೆಳ್ಳಿಮೋಡ' ಚಿತ್ರಕ್ಕೆ 2027ರ ಕೊನೆಯವರೆಗೆ, 'ಶರಪಂಜರ' ಚಿತ್ರಕ್ಕೆ 2031ರ ಕೊನೆಯವರೆಗೆ. ಅದರ ಮಾತು, ಹಾಡುಗಳಿಗೆ ಬರೆದವರ ಹಕ್ಕು ಇನ್ನೂ ಪ್ರತ್ಯೇಕ. ನಮ್ಮಲ್ಲಿ ಎಷ್ಟೋ ಜನರಿಗೆ ಕಾದಂಬರಿ ನೆನಪಿರುವುದಿಲ್ಲ, ಆ ಚಿತ್ರಗಳ ನಾಯಕಿ ಕಲ್ಪನಾ ನೆನಪಿರುತ್ತಾರೆ. ಬರೆಯಲು ಕೂತರೆ ಸಿನಿಮಾದ ಸಂಭಾಷಣೆಯೇ ಪೆನ್ನಿಗೆ ಬರುತ್ತದೆ. ಅದಕ್ಕೇ ಸಿನಿಮಾ ಆದ ಕಾದಂಬರಿ ಹಿಡಿದರೆ, ಕೆಲಸ ಮುಗಿಯುವ ತನಕ ಆ ಸಿನಿಮಾ ನೋಡಬೇಡಿ.

ಹಕ್ಕು ಇನ್ನೂ ಇದೆ ಅಂತಾದರೆ ಪತ್ರ ಬರೆಯಬೇಕು. ಪ್ರಕಾಶಕರಿಗೆ ಫೋನ್ ಮಾಡಿ "ಹೂಂ ಮಾಡಿ" ಅನ್ನಿಸಿಕೊಂಡರೆ ಸಾಲದು. ಪ್ರಕಾಶಕರ ಹತ್ತಿರ ಅನೇಕ ಸಲ ಅಚ್ಚು ಹಾಕುವ ಹಕ್ಕು ಮಾತ್ರ ಇರುತ್ತದೆ. ರಂಗದ ಹಕ್ಕು ಲೇಖಕರ ಹತ್ತಿರ, ಇಲ್ಲವೇ ಅವರ ಮನೆಯವರ ಹತ್ತಿರ. ಮಕ್ಕಳು ಮೂವರಿದ್ದರೆ ಮೂವರ ಒಪ್ಪಿಗೆಯೂ ಬರಹದಲ್ಲಿ ಬೇಕು. ಪತ್ರದಲ್ಲಿ ಇವಿಷ್ಟು ಇರಲಿ: ಎಷ್ಟು ಪ್ರದರ್ಶನ, ಯಾವ ಯಾವ ಊರು, ಎಷ್ಟು ವರ್ಷ, ಟಿಕೆಟ್ ಇದೆಯೋ ಇಲ್ಲವೋ, ಪ್ರದರ್ಶನಕ್ಕೆ ಎಷ್ಟು ಗೌರವಧನ, ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕಬಹುದೇ, ರಂಗರೂಪವನ್ನು ಪುಸ್ತಕ ಮಾಡಬಹುದೇ. ಕೊನೆಯ ಎರಡನ್ನು ಎಲ್ಲರೂ ಮರೆಯುತ್ತಾರೆ, ಆಮೇಲೆ ಜಗಳ ಆಗುವುದೂ ಅವೆರಡರ ಮೇಲೇ. ಅವಧಿ ಬರೆಯದೇ ಬಿಟ್ಟರೆ ಕಾನೂನು ಅದನ್ನು ಐದು ವರ್ಷ ಅಂತ ಎಣಿಸುತ್ತದೆ. ಬೇರೆ ಮಾತಿಲ್ಲದಿದ್ದರೆ, ಒಂದು ವರ್ಷದೊಳಗೆ ಬಳಸದ ಹಕ್ಕು ಬಿದ್ದುಹೋಗುತ್ತದೆ.

"ನಮ್ದು ಫ್ರೀ ಶೋ, ಅನುಮತಿ ಯಾಕೆ?" ಅನ್ನುವವರು ಇದ್ದಾರೆ. ಹವ್ಯಾಸಿ ತಂಡ ದುಡ್ಡು ತೆಗೆದುಕೊಳ್ಳದೆ ಆಡುವುದಕ್ಕೆ ಕಾನೂನಿನಲ್ಲಿ ಒಂದು ವಿನಾಯಿತಿ ಇರುವುದು ನಿಜ. ಆದರೆ ಅದು ಆಡುವುದರ ಬಗ್ಗೆ ಹೇಳುತ್ತದೆ, ಕಾದಂಬರಿಯನ್ನು ನಾಟಕವಾಗಿ ಬದಲಾಯಿಸುವುದರ ಬಗ್ಗೆ ಅಲ್ಲ. ಅದನ್ನು ನಂಬಿಕೊಂಡು ಕೂರಬೇಡಿ.

2. ಮೂರು ಸಲ ಓದಿ, ಆಮೇಲೆ ಕಾರ್ಡು ಬರೆಯಿರಿ

ಮೊದಲ ಓದು ಸುಮ್ನೆ ಓದು. ಪೆನ್ಸಿಲ್ ಬೇಡ. ಮುಗಿದ ಮೇಲೆ ಪುಸ್ತಕ ಮುಚ್ಚಿ, ನೆನಪಿಗೆ ಬಂದದ್ದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಈ ಹಾಳೆ ಜೋಪಾನ. ಮುಂದೆ ಏನು ಕತ್ತರಿಸಬಾರದು ಅಂತ ಹೇಳುವುದು ಇದೇ.

ಎರಡನೇ ಓದಿಗೆ ಬಣ್ಣ. ಕಣ್ಣಿಗೆ ಕಾಣುವ ಘಟನೆಗೆ ಕೆಂಪು, ಬಾಯಲ್ಲಿ ಆಡುವ ಮಾತಿಗೆ ನೀಲಿ, ಲೇಖಕರೇ ನಮಗೆ ಹೇಳುವ ಮಾತಿಗೆ ಹಸಿರು. ಓದಿ ಮುಗಿಸಿದ ಮೇಲೆ ಪುಸ್ತಕ ತಿರುವಿ ನೋಡಿ. ಒಳ್ಳೆಯ ಕಾದಂಬರಿಯಾದರೆ ಹಸಿರೇ ಜಾಸ್ತಿ ಇರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ನಾಲ್ಕನೇ ಹಂತದಲ್ಲಿ ಇದೇ ದೊಡ್ಡ ತಲೆನೋವು.

ಮೂರನೇ ಓದಿಗೆ ಕಾರ್ಡು. ಒಂದು ಘಟನೆಗೆ ಒಂದು ಕಾರ್ಡು. ಎಲ್ಲಿ, ಯಾವ ಹೊತ್ತು, ಯಾರು ಯಾರು, ಏನಾಯಿತು, ಆದ ಮೇಲೆ ಯಾರ ಸ್ಥಿತಿ ಬದಲಾಯಿತು. ಕೊನೆಯದಕ್ಕೆ ಉತ್ತರ ಸಿಗದಿದ್ದರೆ ಆ ಕಾರ್ಡಿನ ಮೂಲೆ ಮಡಚಿಡಿ. ಅದು ಓದಲು ಚೆಂದ, ಆಡಲು ಕಷ್ಟ.

3. ಯಾರ ನಾಟಕ ಅಂತ ತೀರ್ಮಾನ ಮಾಡಿ, ಉಳಿದದ್ದು ಬಿಡಿ

ಒಂದು ಲೆಕ್ಕ ಹಾಕೋಣ. 300 ಪುಟದ ಕಾದಂಬರಿ, ಪುಟಕ್ಕೆ ಸುಮಾರು 220 ಪದ. ಒಟ್ಟು 66,000 ಪದ. ನಿಮಿಷಕ್ಕೆ ನೂರು ಪದದಂತೆ ಓದಿದರೆ ಹನ್ನೊಂದು ಗಂಟೆ. ಎರಡು ಗಂಟೆಯ ನಾಟಕದಲ್ಲಿ ಓಡಾಟ, ಹಾಡು, ಮೌನ ಎಲ್ಲ ಕಳೆದರೆ ಹತ್ತು ಸಾವಿರ ಪದಕ್ಕೆ ಜಾಗ. ಏಳರಲ್ಲಿ ಒಂದು ಪಾಲು ಉಳಿದರೆ ಹೆಚ್ಚು. ಹಾಗಾಗಿ "ಏನೂ ಬಿಡದೆ ಮಾಡ್ತೀವಿ" ಅನ್ನುವ ಮಾತನ್ನು ಮೊದಲ ದಿನವೇ ಬಿಟ್ಟುಬಿಡಿ.

ಬಿಡುವುದು ಹೇಗೆ? ಎಲ್ಲ ಅಧ್ಯಾಯದಿಂದಲೂ ಒಂದೊಂದು ಚೂರು ಕಿತ್ತು ಪೋಣಿಸುವುದು ಸುಲಭದ ದಾರಿ, ಕೆಟ್ಟ ದಾರಿ. ಅದು ಪರೀಕ್ಷೆಯ ಹಿಂದಿನ ರಾತ್ರಿ ಓದುವ ಗೈಡಿನ ಹಾಗೆ ಆಗುತ್ತದೆ. ಪುಸ್ತಕ ಓದಿದವರಿಗೆ ಬೇಜಾರು, ಓದದವರಿಗೆ ಗೊಂದಲ. ಅದರ ಬದಲು ಒಂದು ಕವಲು ಹಿಡಿದು ಪೂರ್ತಿ ಹೋಗಿ. ಇಲ್ಲವೇ ಮನೆಯೊಂದನ್ನೋ ಜಾತ್ರೆಯೊಂದನ್ನೋ ಹಿಡಿದು, ಅಲ್ಲಿಗೆ ಬಂದುಹೋಗುವ ಜನರನ್ನು ಮಾತ್ರ ತೋರಿಸಿ.

ಯಾವ ಕವಲು ಅಂತ ಕಾದಂಬರಿಯೇ ಸೂಚನೆ ಕೊಡುತ್ತದೆ. 'ಮಲೆಗಳಲ್ಲಿ ಮದುಮಗಳು' ಶುರುವಾಗುವ ಮುಂಚೆಯೇ ಕುವೆಂಪು ಹೇಳಿಬಿಟ್ಟಿದ್ದಾರೆ, ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ. ಅದನ್ನು ನಾಯಕ–ನಾಯಕಿಯ ಪ್ರೇಮಕಥೆ ಮಾಡಿ, ಜೀತದಾಳು ಗುತ್ತಿಯನ್ನೂ ಆಳು ದಂಪತಿ ಐತ–ಪೀಂಚಲುವನ್ನೂ ನಗಿಸುವ ಪಾತ್ರ ಮಾಡಿದರೆ, ಆ ಮೊದಲ ಮಾತಿಗೇ ಬೆನ್ನು ಹಾಕಿದಂತೆ. ಸಣ್ಣ ತಂಡ ಅದನ್ನು ಮಾಡಲೇಬೇಕು ಅಂದರೆ ಗುತ್ತಿ ನಡೆದ ದಾರಿಯನ್ನು ಮಾತ್ರ ಹಿಡಿದರೂ ನಡೆಯುತ್ತದೆ ಅಂತ ನನಗನ್ನಿಸುತ್ತದೆ. ಯಾರನ್ನು ಬಿಟ್ಟರೂ ಪರವಾಗಿಲ್ಲ, ಉಳಿಸಿಕೊಂಡವರನ್ನು ಸಣ್ಣವರನ್ನಾಗಿ ಮಾಡಬೇಡಿ.

(ಗುತ್ತಿಯ ನಾಯಿ ಹುಲಿಯನ ಕಥೆ ಏನು ಅಂತ ಕೇಳುತ್ತೀರಿ. ನಿಜವಾದ ನಾಯಿ ಬೇಡವೇ ಬೇಡ. ಸಭೆಯಲ್ಲಿ ಯಾರೋ ಪುರಿಯ ಪೊಟ್ಟಣ ಬಿಚ್ಚಿದರೆ ನಾಯಿ ಅತ್ತ ಹೋಗುತ್ತದೆ, ನಾಟಕ ಅದರ ಹಿಂದೆ ಹೋಗುತ್ತದೆ. ಒಬ್ಬ ಒಳ್ಳೆಯ ನಟ ಮಾಡಲಿ. ಇಲ್ಲವೇ ಗುತ್ತಿಯ ಕಣ್ಣು, ಕೈ, ಒಂದು ಸೀಟಿ ಸಾಕು.)

4. ಕಥೆ ಹೇಳುವ ದನಿಯನ್ನು ಯಾರಿಗೆ ಕೊಡುತ್ತೀರಿ?

ಇಡೀ ಲೇಖನದಲ್ಲಿ ಒಂದೇ ಹಂತ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನೇ ಓದಿ.

ಜನ ಒಂದು ಕಾದಂಬರಿಯನ್ನು ಪ್ರೀತಿಸುವುದು ಅದರ ಕಥೆಗೆ ಅಂದುಕೊಂಡಿರುತ್ತೇವೆ. ಅಲ್ಲ. ಅದೇ ಕಥೆಯನ್ನು ಬೇರೆ ಯಾರಾದರೂ ಬರೆದಿದ್ದರೆ ನಾವು ಅರ್ಧಕ್ಕೇ ಮುಚ್ಚಿಡುತ್ತಿದ್ದೆವು. ನಾವು ಮರುಳಾಗಿರುವುದು ಹೇಳುವ ದನಿಗೆ. ನೀವು ಹಸಿರು ಗೆರೆ ಹಾಕಿದ್ದೆಲ್ಲ ಆ ದನಿ. ಕೆಂಪು, ನೀಲಿ ಎರಡನ್ನು ಮಾತ್ರ ರಂಗಕ್ಕೆ ತಂದರೆ ಕಥೆ ಬರುತ್ತದೆ, ಕಾದಂಬರಿ ಬರುವುದಿಲ್ಲ. ನೋಡಿ ಎದ್ದುಹೋಗುವವರು "ಚೆನ್ನಾಗಿತ್ತು, ಆದ್ರೆ ಪುಸ್ತಕದ ಥರ ಇರ್ಲಿಲ್ಲ" ಅನ್ನುವುದು ಇದಕ್ಕೇ.

ಈ ಹಸಿರನ್ನು ಸಾಗಿಸಲು ನಾಲ್ಕು ಗಾಡಿ ಇವೆ.

ಒಂದು, ನಿರೂಪಕ. ನಮ್ಮ ಬಯಲಾಟದಲ್ಲಿ ಭಾಗವತ ಇದ್ದಾನೆ, ಅದು ಹೊಸದೇನಲ್ಲ. ಆದರೆ ಹೊಸಬರ ನಾಟಕದಲ್ಲಿ ನಿರೂಪಕ ಮೂಲೆಯಲ್ಲಿ ಮೈಕ್ ಹಿಡಿದು ನಿಂತು "ಹೀಗೆ ಹತ್ತು ವರ್ಷ ಕಳೆಯಿತು" ಅಂತ ವಾರ್ತೆ ಓದುತ್ತಾನೆ. ಅವನಿಗೆ ಆ ಊರಿನಲ್ಲಿ ಒಂದು ಮನೆ ಕೊಡಿ. ಯಾರ ಮೇಲಾದರೂ ಸಿಟ್ಟು ಕೊಡಿ. ಅವನು ಹೇಳುವುದಕ್ಕೂ ನಾವು ನೋಡುವುದಕ್ಕೂ ಒಂದಿಷ್ಟು ವ್ಯತ್ಯಾಸ ಇರಲಿ. ಆಗ ಸಭೆ ಕಿವಿ ನೆಟ್ಟಗೆ ಮಾಡುತ್ತದೆ.

ಎರಡು, ಮೇಳ. ಅಂದರೆ ಎಲ್ಲ ನಟರೂ ಗುಂಪಾಗಿ ಕಥೆ ಹೇಳುತ್ತಾ, ಬೇಕಾದಾಗ ಪಾತ್ರವಾಗಿ ಮುಂದೆ ಬರುವುದು. ಹನ್ನೆರಡು ಜನರ ತಂಡಕ್ಕೆ ಇದೇ ಹೇಳಿ ಮಾಡಿಸಿದ್ದು. ಇವತ್ತು ಮಳೆ, ನಾಳೆ ಕಾಡು, ನಾಡಿದ್ದು ಸಂತೆ, ಎಲ್ಲವೂ ಮೇಳವೇ.

ಮೂರು, ಒಂದು ಪಾತ್ರವೇ ಹಿಂತಿರುಗಿ ನೋಡುವುದು. 'ಪರ್ವ'ದಂತೆ ಪಾತ್ರಗಳ ನೆನಪಿನಲ್ಲಿ ನಡೆಯುವ ಕಾದಂಬರಿಗೆ ಇದು ಹತ್ತಿರದ ದಾರಿ. ಅಪಾಯ ಏನೆಂದರೆ ಸ್ವಗತ. ಪಾತ್ರ ತನ್ನಷ್ಟಕ್ಕೆ ತಾನು ಆಡುವ ಮಾತು ಅದು. ಎರಡು ನಿಮಿಷದ ಸ್ವಗತ ಸಭೆ ಕೇಳುತ್ತದೆ. ಐದು ನಿಮಿಷವಾದರೆ ಮೊಬೈಲ್ ಬೆಳಕು ಕಾಣಲು ಶುರುವಾಗುತ್ತದೆ. ನೆನಪು ಬಂದ ತಕ್ಷಣ ಅದು ಕಣ್ಣೆದುರು ನಡೆಯಲಿ.

ನಾಲ್ಕು, ದನಿಯನ್ನು ವಸ್ತುವಿಗೆ, ಕೆಲಸಕ್ಕೆ ಇಳಿಸುವುದು. ಇದು ಕಷ್ಟ, ಆದರೆ ಇದರ ರುಚಿಯೇ ಬೇರೆ. ಒಂದು ಉದಾಹರಣೆ ಕಟ್ಟುತ್ತೇನೆ. ಕಾದಂಬರಿಯಲ್ಲಿ ಹೀಗೊಂದು ಸಾಲು ಇದೆ ಅಂದುಕೊಳ್ಳಿ: ಗಂಡ ಸತ್ತ ಮೇಲೆ ನಿಂಗಮ್ಮನಿಗೆ ಆ ಮನೆಯಲ್ಲಿ ತನ್ನದು ಅನ್ನುವುದು ಏನೂ ಉಳಿದಿಲ್ಲ ಅನ್ನಿಸಿತು. ಹೊಸಬರು ನಿಂಗಮ್ಮನನ್ನು ಮುಂದೆ ನಿಲ್ಲಿಸಿ, "ಅಯ್ಯೋ, ಈ ಮನೆಯಲ್ಲಿ ನನ್ನದು ಅಂತ ಏನೂ ಇಲ್ಲವಲ್ಲ!" ಅನ್ನಿಸುತ್ತಾರೆ. ಹಾಗೆ ಮಾಡಬೇಡಿ. ಮೊದಲ ದೃಶ್ಯದಲ್ಲೇ ಉಗ್ರಾಣದ ಬೀಗದ ಕೈ ಅವಳ ಸೊಂಟದಲ್ಲಿ ಇರಲಿ. ಸೊಸೆಯಾದರೂ ರಾಗಿ ಅಳೆದು ಕೊಡುವವಳು ಅವಳೇ. ಸಾವಾದ ಮೇಲಿನ ದೃಶ್ಯದಲ್ಲಿ ಆ ಬೀಗದ ಕೈ ಅತ್ತೆಯ ಸೊಂಟಕ್ಕೆ ಬಂದಿದೆ. ಯಾರೂ ಏನೂ ಹೇಳುವುದಿಲ್ಲ. ನಿಂಗಮ್ಮ ಖಾಲಿ ಮೊರ ಹಿಡಿದು ಬಾಗಿಲಲ್ಲಿ ನಿಂತು ಕೇಳುತ್ತಾಳೆ, "ಅತ್ತೆಮ್ಮ, ರಾಗಿ ಎಷ್ಟ್ ಅಳೀಲಿ?" ಅತ್ತೆ ಉತ್ತರ ಕೊಡುವ ಮುಂಚೆ ಒಂದು ಗಳಿಗೆ ಸುಮ್ಮನಿರುತ್ತಾಳೆ. ಅಷ್ಟೇ ದೃಶ್ಯ. ಒಂದು ಹಸಿರು ಸಾಲು ಹೀಗೆ ಒಂದು ಬೀಗದ ಕೈಯಾಗಿ ಬಂತು, ಅಲ್ವಾ?

ಕೆಲವು ಕಾದಂಬರಿಗಳಲ್ಲಿ ಲೇಖಕರೇ ಈ ಕೆಲಸ ಮಾಡಿಟ್ಟಿರುತ್ತಾರೆ. ದೇವನೂರ ಮಹಾದೇವ ಅವರ 'ಕುಸುಮಬಾಲೆ'ಯಲ್ಲಿ ದೀಪಗಳು ಜೋತಮ್ಮಂದಿರಾಗಿ ಕೂತು ಮನೆಮನೆಯ ಮಾತಾಡುತ್ತವೆ. ಅಂಥದ್ದು ಸಿಕ್ಕಿದರೆ ಅದರ ಮೇಲೆ ನಿಮ್ಮದೇ ಒಬ್ಬ ನಿರೂಪಕನನ್ನು ತಂದು ಕೂರಿಸಬೇಡಿ.

ಇನ್ನೊಂದು ಚಟದ ಬಗ್ಗೆ ಹೇಳಲೇಬೇಕು. ನಮ್ಮ ಸೀಮೆಯಲ್ಲಿ ಮಾದಪ್ಪನ ಕಥೆ ಹಾಡುವ ಕಂಸಾಳೆಯವರಿದ್ದಾರೆ, ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರಿದ್ದಾರೆ. ಕಥೆ ಹೇಳುವ ದನಿ ಬೇಕು ಅಂದ ಕೂಡಲೇ ಎಲ್ಲರ ಕಣ್ಣೂ ಆ ಕಡೆ ಹೋಗುತ್ತದೆ. ಮಳವಳ್ಳಿ, ಕೊಳ್ಳೇಗಾಲ ಕಡೆಯ ಕಥೆಗೆ ಅದು ಮನೆಯ ದನಿ. ಮಲೆನಾಡಿನ ಮನೆಯೊಳಗೆ ನಡೆಯುವ ಕಥೆಗೆ ಕಂಸಾಳೆ ತಂದು ಕುಣಿಸಿದರೆ ಚಪ್ಪಾಳೆ ಬೀಳುತ್ತದೆ, ನಾಟಕ ಬೀಳುತ್ತದೆ. ಕಥೆ ಯಾವ ಮಣ್ಣಿನದೋ ಹಾಡೂ ಅಲ್ಲಿಯದೇ ಇರಲಿ.

5. ಮಾತು ಬರೆಯುವುದು

ಕಾದಂಬರಿಯ ಸಂಭಾಷಣೆ ಕಣ್ಣಿಗೆ ಬರೆದದ್ದು. ನಾಟಕದ್ದು ಬಾಯಿಗೆ, ಕಿವಿಗೆ. ಪುಸ್ತಕದಲ್ಲಿ ಒಂದು ಮಾತನ್ನು ಎರಡು ಸಲ ಓದಿಕೊಳ್ಳಬಹುದು, ಸಭೆಯಲ್ಲಿ ಹಾಗಿಲ್ಲ. ನೀಲಿ ಗೆರೆಯ ಮಾತುಗಳನ್ನು ಒಬ್ಬರು ಜೋರಾಗಿ ಓದಲಿ. ಎಲ್ಲಿ ಉಸಿರು ಕಟ್ಟುತ್ತದೋ ಅಲ್ಲಿ ಒಡೆಯಿರಿ.

ಎಷ್ಟು ಮಾತು ಮೂಲದ್ದು, ಎಷ್ಟು ನಿಮ್ಮದು ಅನ್ನುವುದಕ್ಕೆ ನನ್ನದೊಂದು ಲೆಕ್ಕ ಇದೆ. ಜನರಿಗೆ ಬಾಯಿಪಾಠ ಬರುವ ನಾಲ್ಕೈದು ಮಾತನ್ನು ಒಂದಕ್ಷರ ಬದಲಿಸದೆ ಇಡಿ. ಬದಲಿಸಿದರೆ ಮೂರನೇ ಸಾಲಿನಲ್ಲಿ ಕೂತ ಮೇಷ್ಟ್ರು ಅಲ್ಲೇ ತಿದ್ದುತ್ತಾರೆ. ಉಳಿದ ಕಡೆ, ನೀವು ಬರೆದದ್ದು ಯಾವುದು ಲೇಖಕರದ್ದು ಯಾವುದು ಅಂತ ಗೊತ್ತಾಗದಂತೆ ಬರೆಯಿರಿ.

ಈಗ ಭಾಷೆ. ಮಂಡ್ಯದ ಹುಡುಗರ ಬಾಯಲ್ಲಿ ಯಾವ ಊರಿನ ಕಥೆಯಾದರೂ "ಬತ್ತೀನ್ ಕನ್ಲಾ" ಆಗಿಬಿಡುತ್ತದೆ. ನಮ್ಮ ಭಾಷೆ ಚೆಂದ, ನನಗೇನು ಬೇಡ ಅಂತಿಲ್ಲ. ಆದರೆ ತೀರ್ಥಹಳ್ಳಿ ಕಡೆಯ ಗುತ್ತಿ ಹಾಗೆ ಮಾತಾಡಿದರೆ ಸಭೆ ನಗುತ್ತದೆ, ಅಳಬೇಕಾದ ಕಡೆಯೂ ನಗುತ್ತದೆ. ಸಿನಿಮಾಗಳು ಮಂಡ್ಯದ ಮಾತನ್ನು ಕಾಮಿಡಿಗೆ ಬಳಸಿ ಬಳಸಿ ಹಾಗೆ ಮಾಡಿಟ್ಟಿವೆ. ಕಥೆಯ ಊರಿನವರೊಬ್ಬರನ್ನು ಹುಡುಕಿ, ಇಡೀ ಸ್ಕ್ರಿಪ್ಟನ್ನು ಅವರಿಂದ ಓದಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನಟರು ಅದನ್ನು ಕೇಳಿ ಕಲಿಯಲಿ. ಅಂಥವರು ಸಿಗದಿದ್ದರೆ ಅರೆಬರೆ ಉಪಭಾಷೆ ಬೇಡ. ಎಲ್ಲರಿಗೂ ಸರಳ ಆಡುಮಾತು ಕೊಟ್ಟು, ಊರಿನ ಒಂದಿಪ್ಪತ್ತು ಪದ ಮಾತ್ರ ಉಳಿಸಿಕೊಳ್ಳಿ.

ಹಳೆಯ ಕಾದಂಬರಿಗಳಲ್ಲಿ ಜಾತಿಯ ಹೆಸರು ಹಿಡಿದು ಬೈಯುವ ಮಾತುಗಳಿರುತ್ತವೆ. ಪುಸ್ತಕದಲ್ಲಿ ಆ ಮಾತಿನ ಸುತ್ತ ಲೇಖಕರ ದನಿ ಕಾವಲಿರುತ್ತದೆ. ರಂಗದಲ್ಲಿ ಅದು ಬರಿ ಬೈಗುಳವಾಗಿ ಕಿವಿಗೆ ಬೀಳುತ್ತದೆ. ಸುಮ್ನೆ ಅಳಿಸಿದರೂ ತಪ್ಪು, ಆ ಕಾಲದ ಕ್ರೌರ್ಯವೇ ಅಳಿಸಿಹೋಗುತ್ತದೆ. ಬೈಸಿಕೊಂಡವರ ಮುಖ ಸಭೆಗೆ ಕಾಣುವಂತೆ ನಿಲ್ಲಿಸಿ. ತಂಡದಲ್ಲೂ ಈ ಬಗ್ಗೆ ಕೂತು ಮಾತಾಡಿ.

6. ಕೂತು ಓದಿ, ಗಡಿಯಾರ ನೋಡಿ

ಮೊದಲ ಕರಡು ಮುಗಿದ ವಾರವೇ ಓದುವ ತಾಲೀಮು ಇಡಿ. ಎಲ್ಲರೂ ಸುತ್ತ ಕೂತು, ಅಭಿನಯ ಇಲ್ಲದೆ ಓದುವುದು. ಕೇಳುವವರಲ್ಲಿ ಅರ್ಧ ಜನ ಕಾದಂಬರಿ ಓದಿರದವರು ಇರಲಿ. "ಇವ್ನು ಯಾರು?" ಅಂತ ಅವರು ಕೇಳಿದ ಕಡೆಯೆಲ್ಲ ಗುರುತು ಹಾಕಿ. ಓದಿದವರ ಮೆಚ್ಚುಗೆಯನ್ನು ನಂಬಬೇಡಿ. ಅವರು ನೀವು ಬಿಟ್ಟದ್ದನ್ನೆಲ್ಲ ತಮ್ಮ ನೆನಪಿನಿಂದಲೇ ತುಂಬಿಕೊಂಡಿರುತ್ತಾರೆ.

ಓದಿದ ಹೊತ್ತಿಗೆ ಮೂರನೇ ಒಂದು ಭಾಗ ಸೇರಿಸಿ. ತೊಂಬತ್ತು ನಿಮಿಷ ಓದಿದರೆ ರಂಗದ ಮೇಲೆ ಎರಡು ಗಂಟೆ. ನನ್ನ ಮೊದಲ ರಂಗರೂಪ ಮೂರೂವರೆ ಗಂಟೆ ನಡೆದಿತ್ತು. ಮಂಡ್ಯದಲ್ಲಿ ಕೊನೆಯ ದೃಶ್ಯದ ಹೊತ್ತಿಗೆ ಮದ್ದೂರು, ಪಾಂಡವಪುರದ ಕಡೆಯವರೆಲ್ಲ ಕೊನೇ ಬಸ್ಸಿಗೆ ಎದ್ದು ಹೋಗಿದ್ದರು. ನಾಯಕಿ ಸತ್ತಾಗ ಅಳುವುದಕ್ಕೆ ಇದ್ದದ್ದು ಅವಳ ಮನೆಯವರು ಮಾತ್ರ.

7. ಜಾಗ, ಪರಿಕರ, ದುಡ್ಡು

ಜಾಗ ಮೊದಲು ನೋಡಿ, ಆಮೇಲೆ ಕೊನೆಯ ಕರಡು ಬರೆಯಿರಿ. ಮೈಸೂರಿನ ಕಲಾಮಂದಿರ ದೊಡ್ಡದು. ಅಲ್ಲಿ ಬೀಗದ ಕೈಯ ದೃಶ್ಯ ಹಿಂದಿನ ಸಾಲಿಗೆ ಕಾಣುವುದೇ ಇಲ್ಲ. ಅದೇ ಆವರಣದ ಕಿರುರಂಗಮಂದಿರ, ರಂಗಾಯಣದ ಭೂಮಿಗೀತ, ರಾಮಕೃಷ್ಣನಗರದ ನಟನ ರಂಗಶಾಲೆ, ಇಂಥ ಕಡೆ ಕಣ್ಣು, ಬೆರಳು ಎಲ್ಲ ಮಾತಾಡುತ್ತವೆ. ಬಯಲಿನಲ್ಲಿ ಆಡುವುದಾದರೆ ರಾತ್ರಿ 10ರ ಮೇಲೆ ಧ್ವನಿವರ್ಧಕಕ್ಕೆ ನಿರ್ಬಂಧ ಇದೆ ಅನ್ನುವುದು ನೆನಪಿರಲಿ. ಏಳಕ್ಕೆ ಅಂತ ಹೇಳಿ ಭಾಷಣ ಮುಗಿಸಿ ಎಂಟಕ್ಕೆ ಶುರು ಮಾಡಿದರೆ ಕೆಟ್ಟಿರಿ.

ಮಂಡ್ಯ ಸೀಮೆಯಲ್ಲಿ ಇನ್ನೊಂದು ಅನುಕೂಲ ಇದೆ. 'ಕುರುಕ್ಷೇತ್ರ' ಪೌರಾಣಿಕ ನಾಟಕ ಆಡುವ ಊರುಗಳಲ್ಲಿ ಹಾರ್ಮೋನಿಯಂ ಮೇಷ್ಟ್ರು, ಸೀನರಿ, ಲೈಟಿನವರು ಎಲ್ಲ ಕೈಗೆಟಕುವಂತೆ ಸಿಗುತ್ತಾರೆ. ಮೇಷ್ಟ್ರನ್ನು ಕರೆದುಕೊಳ್ಳಿ. ಆದರೆ ಅರಮನೆಯ ಪರದೆ ಬೇಡ. ಕಾದಂಬರಿಯಲ್ಲಿ ನಲವತ್ತು ಜಾಗ ಇರುತ್ತದೆ, ನಲವತ್ತು ಪರದೆ ಎಳೆಯುತ್ತಾ ಕೂರಲು ಆಗುವುದಿಲ್ಲ. ಎರಡು ಬೆಂಚು, ಒಂದು ಏಣಿ, ನಾಲ್ಕು ಕಂಬಳಿ ಇದ್ದರೆ ಮನೆ, ದೋಣಿ, ಕಾಡು ಎಲ್ಲ ಆಗುತ್ತದೆ. ದೃಶ್ಯದಿಂದ ದೃಶ್ಯಕ್ಕೆ ದೀಪ ಆರಿಸಿ ಕತ್ತಲು ಮಾಡುವುದನ್ನು ಬ್ಲ್ಯಾಕ್‌ಔಟ್ ಅನ್ನುತ್ತಾರೆ. ಇಡೀ ನಾಟಕಕ್ಕೆ ಅದು ಮೂರು ಸಲಕ್ಕಿಂತ ಜಾಸ್ತಿ ಬಂದರೆ ಸ್ಕ್ರಿಪ್ಟಿನಲ್ಲೇ ಏನೋ ತಪ್ಪಿದೆ.

ಖರ್ಚಿನ ಪಟ್ಟಿಯಲ್ಲಿ ಲೇಖಕರ ಗೌರವಧನವನ್ನು ಮೊದಲ ಸಾಲಿಗೆ ಹಾಕಿ. ಕೊನೆಗೆ ಹಾಕಿದರೆ ಅದಕ್ಕೆ ಏನೂ ಉಳಿಯುವುದಿಲ್ಲ.

8. ತಾಲೀಮಿನಲ್ಲಿ ತಿದ್ದಿ, ಆಮೇಲೆ ನಿಲ್ಲಿಸಿ

ತಾಲೀಮು ಶುರುವಾದ ಮೇಲೆ ಸ್ಕ್ರಿಪ್ಟು ಬದಲಾಗುತ್ತದೆ, ಆಗಲೇಬೇಕು. ನಟಿಯೊಬ್ಬಳು ಒಂದು ಮಾತನ್ನು ಪ್ರತಿದಿನ ಮರೆಯುತ್ತಾಳೆ ಅಂದರೆ ತಪ್ಪು ಅವಳದ್ದು ಅಂದುಕೊಳ್ಳಬೇಡಿ, ಆ ಮಾತು ಅಲ್ಲಿ ಬೇಕಿಲ್ಲವೇನೋ ನೋಡಿ. ಆದರೆ ಪ್ರದರ್ಶನಕ್ಕೆ ಮೂರು ವಾರ ಇರುವಾಗ ತಿದ್ದುವುದು ನಿಲ್ಲಬೇಕು. ಆಮೇಲೆ ಬರೆದವರೂ ಸೇರಿ ಯಾರಿಗೂ ಪೆನ್ನು ಕೊಡಬೇಡಿ.

ಬರೆದವರು, ನಿರ್ದೇಶಕರು ಒಬ್ಬರೇ ಆಗದಿದ್ದರೆ ಒಳ್ಳೆಯದು. ತಾನು ಬರೆದ ದೃಶ್ಯ ಕತ್ತರಿಸಲು ಯಾರಿಗೂ ಕೈ ಬರುವುದಿಲ್ಲ. ಒಬ್ಬರೇ ಆಗಬೇಕಾಗಿ ಬಂದರೆ, ಕತ್ತರಿಸುವ ಅಧಿಕಾರವನ್ನು ಮೂರನೆಯವರಿಗೆ ಕೊಡಿ. ಅವರ ಜೊತೆ ಒಂದು ವಾರ ಮಾತು ಬಿಟ್ಟರೂ ಪರವಾಗಿಲ್ಲ.

9. ಪ್ರದರ್ಶನದ ದಿನ ಮತ್ತು ಆಮೇಲೆ

ಪೋಸ್ಟರಿನಲ್ಲಿ ಕಾದಂಬರಿಯ ಹೆಸರು, ಲೇಖಕರ ಹೆಸರು ದೊಡ್ಡದಾಗಿ ಇರಲಿ. "ಆಧರಿಸಿದ್ದು" ಅನ್ನುವ ಪದ ಬಿಡಬೇಡಿ. ನೀವು ಒಂದು ಕವಲು ಮಾತ್ರ ತೆಗೆದುಕೊಂಡಿದ್ದರೆ ಅದನ್ನೂ ಕರಪತ್ರದಲ್ಲಿ ಒಂದು ಸಾಲು ಬರೆಯಿರಿ. ಇಡೀ ಕಾದಂಬರಿ ನೋಡಲು ಬಂದವರು ಆಮೇಲೆ ಮೋಸ ಹೋದೆವು ಅನ್ನಬಾರದು. ಸಾಧ್ಯವಾದರೆ ಬಾಗಿಲಲ್ಲಿ ಕಾದಂಬರಿಯ ಪ್ರತಿಗಳನ್ನೂ ಮಾರಾಟಕ್ಕೆ ಇಡಿ. ನಾಟಕ ಮುಗಿದ ಮೇಲಿನ ಹತ್ತು ನಿಮಿಷದಲ್ಲಿ ಹೋಗುವಷ್ಟು ಪ್ರತಿ ಬೇರೆ ಯಾವಾಗಲೂ ಹೋಗುವುದಿಲ್ಲ.

ಲೇಖಕರ ಮನೆಯವರನ್ನು ಮೊದಲ ದಿನ ಕರೆಯಬೇಡಿ, ಎರಡನೇ ದಿನ ಕರೆಯಿರಿ. ಮೊದಲ ದಿನ ಏನಾದರೂ ಒಂದು ಕೈಕೊಡುತ್ತದೆ.

ಕೊನೆಯ ಪ್ರದರ್ಶನ ಆದ ವಾರದೊಳಗೆ ಪ್ರಾಂಪ್ಟ್ ಕಾಪಿ ಸಿದ್ಧ ಮಾಡಿ. ಯಾರು ಎಲ್ಲಿಂದ ಬಂದರು, ಯಾವ ಮಾತಿಗೆ ದೀಪ ಬದಲಾಯಿತು, ಹಾಡು ಎಲ್ಲಿ ನಿಂತಿತು ಅನ್ನುವುದೆಲ್ಲ ಗುರುತಾಗಿರುವ ಪ್ರತಿ ಅದು. ರಂಗದ ಮೇಲೆ ನಿಜವಾಗಿ ಆಡಿದ ಮಾತನ್ನೇ ಅದರಲ್ಲಿ ಬರೆಯಿರಿ, ನೀವು ಮೊದಲು ಬರೆದದ್ದನ್ನಲ್ಲ. ಮೂರು ಪ್ರತಿ ತೆಗೆಸಿ. ಒಂದು ತಂಡಕ್ಕೆ, ಒಂದು ಹಕ್ಕು ಕೊಟ್ಟವರ ಮನೆಗೆ, ಇನ್ನೊಂದು ಮಳೆನೀರು ಸೋರದ ಯಾವುದಾದರೂ ಬೀರುವಿಗೆ. ಆರು ತಿಂಗಳಾದ ಮೇಲೆ ಯಾವುದೋ ಊರಿನವರು ಫೋನ್ ಮಾಡಿ ಬನ್ನಿ ಅನ್ನುತ್ತಾರೆ. ಅಷ್ಟು ಹೊತ್ತಿಗೆ ನಿಮ್ಮ ನಿಂಗಮ್ಮನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿರುತ್ತದೆ, ಹೊಸ ಹುಡುಗಿಗೆ ಬೀಗದ ಕೈ ಯಾವ ದೃಶ್ಯದಲ್ಲಿ ಯಾರ ಸೊಂಟದಲ್ಲಿ ಇರಬೇಕು ಅಂತ ಯಾರಾದರೂ ಹೇಳಬೇಕಲ್ಲ.